ನಿನ್ನ ಕುರ್ಚಿಯಲ್ಲಿ ಕೂತ ಹಾಲೆಂಡಿನವರು

ಪಾನೋ ವ್ರಿಸಿ
10 ಆಗಸ್ಟ್ 1988

ಪ್ರೀತಿಯ ಇಲಿಯಾಸ್,

'ಪ್ರೀತಿಯ' ಎಂದದ್ದು ಕೈಯ ರೂಢಿ. ನೀನು ಹಡಗಿನಲ್ಲಿದ್ದ ಅಷ್ಟೂ ವರ್ಷ ಹಾಗೆಯೇ ಬರೆದು ಬರೆದು, ಈಗ ಪೆನ್ನು ನನ್ನನ್ನು ಕೇಳುವುದೇ ಇಲ್ಲ. ಅದಕ್ಕೆ ಬೇರೆ ಅರ್ಥ ಹಚ್ಚಿಕೊಂಡು ನಿನ್ನ ಅಕ್ಕ ಎವಾಂಥಿಯಾಳ ಮುಂದೆ ಮೀಸೆ ತಿರುವಬೇಡ.

ಇದು ನಿನ್ನನ್ನು ಮನೆಗೆ ಕರೆಯುವ ಪತ್ರ ಅಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ನೀನು ಪಿರೇಯಸ್‌ನಲ್ಲಿ ಎವಾಂಥಿಯಾಳ ಮನೆಯಲ್ಲಿ ಸುಖವಾಗಿದ್ದೀಯ, ನಾನು ಇಲ್ಲಿ ಸುಖವಾಗಿದ್ದೇನೆ, ಆಡುಗಳೂ ಸುಖವಾಗಿವೆ. ಆದರೂ ಬರೆಯಬೇಕಾಗಿ ಬಂದದ್ದು, ನಿನ್ನ ಕಿವಿಗೆ ಒಂದು ಸುದ್ದಿ ಬೀಳಲಿರುವುದರಿಂದ. ಬಿದ್ದಿರಲೂಬಹುದು. ಪಕ್ಕದ ಮನೆಯ ಮೊರ್ಫೂಲಾಳ ಅಕ್ಕನ ಮಗ ಹಡಗಿನ ಕ್ಯಾಂಟೀನಿನಲ್ಲಿ ಕಾಫಿ ಮಾಡುತ್ತಾನಲ್ಲ, ಅವನಿಗೆ ಒಂದು ಮಾತು ಹೇಳಿದರೆ ಹಡಗು ದಡ ಮುಟ್ಟುವ ಮೊದಲು ಸುದ್ದಿ ಮುಟ್ಟಿರುತ್ತದೆ. ಸುದ್ದಿ ಏನೆಂದರೆ, ಗರುಫಲಿಯಾ ಮನೆಯಲ್ಲಿ ಒಬ್ಬ ಗಂಡಸನ್ನು ಇಟ್ಟುಕೊಂಡಿದ್ದಾಳೆ, ಅವನು ಪರದೇಶದವನು, ಇಲಿಯಾಸನ ಕುರ್ಚಿಯಲ್ಲೇ ಕೂರುತ್ತಾನೆ, ಇಲಿಯಾಸನ ಹೆಸರಿನ ಹಬ್ಬದ ದಿನ ಊರವರ ಶುಭಾಶಯವನ್ನೆಲ್ಲ ಅವನೇ ತೆಗೆದುಕೊಂಡ.

ಇದರಲ್ಲಿ ಸುಳ್ಳು ಒಂದೂ ಇಲ್ಲ. ಆದ್ದರಿಂದಲೇ ವಿವರಿಸಬೇಕಾಗಿದೆ. ಫೋನಿನಲ್ಲಿ ಹೇಳೋಣ ಎಂದರೆ ಊರಿಗೆಲ್ಲ ಇರುವುದು ಕೊಸ್ಮಾಸನ ಕಾಫಿ ಅಂಗಡಿಯ ಫೋನ್ ಒಂದೇ. ಅಲ್ಲಿ ನಾನು ಒಂದು ಮಾತಾಡಿದರೆ ಇಸ್ಪೀಟು ಆಡುವವರು ಎಲೆ ಕೆಳಗಿಟ್ಟು ಎರಡನೆಯ ಮಾತಿಗೆ ಕಾಯುತ್ತಾರೆ. ಅದೂ ಅಲ್ಲದೆ ನಾವಿಬ್ಬರೂ ಯಾವತ್ತೂ ಚೆನ್ನಾಗಿದ್ದದ್ದು ಕಾಗದದ ಮೇಲೆಯೇ.

ಅವರು ಬಂದದ್ದು ಜುಲೈ ಮೊದಲ ವಾರದಲ್ಲಿ. ಹೆಸರು ವೌಟರ್, ಊರು ಹಾಲೆಂಡ್, ವಯಸ್ಸು ಸುಮಾರು ನಿನ್ನಷ್ಟೇ, ಕೂದಲು ನಿನಗಿಂತ ಜಾಸ್ತಿ. ಬಂದರಿನಿಂದ ಉರಿಬಿಸಿಲಿನಲ್ಲಿ ನಡೆದೇ ಮೇಲೆ ಬಂದು, ಕೊಸ್ಮಾಸನ ಅಂಗಡಿಯಲ್ಲಿ ಬಸವಳಿದು ಕೂತು, ಕ್ಯಾಸೆಟ್ ಕೇಳಿ ಕಲಿತ ಗ್ರೀಕಿನಲ್ಲಿ, ಇಲ್ಲಿ ಬಾಡಿಗೆ ಕೋಣೆ ಎಲ್ಲಿ ಸಿಗುತ್ತದೆ ಎಂದು ಕೇಳಿದ್ದಾರೆ. ನಮ್ಮ ಊರಿನಲ್ಲಿ ಬಾಡಿಗೆ ಕೋಣೆ. ಪ್ರವಾಸಿಗರೆಲ್ಲ ಮರಳು ಇರುವ ದ್ವೀಪಗಳಿಗೆ ಹೋಗುತ್ತಾರೆ. ನಮ್ಮಲ್ಲಿರುವುದು ಕಲ್ಲು, ಅದನ್ನೂ ಹತ್ತಬೇಕು. ಕೊಸ್ಮಾಸನ ಬಾಯಿ ನಿನಗೆ ಗೊತ್ತಲ್ಲ.

"ಬಾಡಿಗೆ ಕೋಣೆ ಇಲ್ಲ ಸ್ವಾಮಿ. ಖಾಲಿ ಹಾಸಿಗೆ ಬೇಕಾದ್ರೆ ಗರುಫಲಿಯಾ ಮನೇಲಿದೆ. ಎರಡು ವರ್ಷದಿಂದ ಬೆಚ್ಚಗಾಗಿಲ್ಲ" ಎಂದಿದ್ದಾನೆ.

ಅಂಗಡಿಗೆ ಅಂಗಡಿಯೇ ನಕ್ಕಿದೆ. ಹಾಲೆಂಡಿನವರು ಮಾತ್ರ ನಗಲಿಲ್ಲ. ದಾರಿ ಕೇಳಿಕೊಂಡು, ಎಲ್ಲರ ಕೈಕುಲುಕಿ, ನೆಟ್ಟಗೆ ನಮ್ಮ ಬಾಗಿಲಿಗೆ ಬಂದು, ಅಂಗಡಿಯವನು ಹೇಳಿದ್ದನ್ನು ಪಾಠ ಒಪ್ಪಿಸುವ ಹಾಗೆ ಅಕ್ಷರ ಬಿಡದೆ ನನಗೆ ಒಪ್ಪಿಸಿದರು. ಬೆಚ್ಚಗಾಗಿಲ್ಲ ಎಂಬುದನ್ನೂ ಸೇರಿಸಿ. ನನಗೆ ಮೈಯೆಲ್ಲ ಉರಿದುಹೋಯಿತು. ಉರಿ ಕೊಸ್ಮಾಸನ ಮೇಲೆ. ಪಾಪ, ಈ ಮನುಷ್ಯನ ಮುಖ ಬೇಯಿಸಿದ ಬೀಟ್‌ರೂಟಿನ ಹಾಗಿತ್ತು, ಇವರ ಮೇಲೆ ಏನು ರೇಗುವುದು. ಆಚೆ ಕಳಿಸಿದರೆ ಕೊಸ್ಮಾಸ್ ಗೆದ್ದ ಹಾಗೆ. "ಇದೆ, ಒಳಗೆ ಬನ್ನಿ" ಎಂದೆ. ಕೊಟ್ಟದ್ದು ನಿನ್ನ ಹಾಸಿಗೆ ಅಲ್ಲ, ನಿನ್ನ ತಾಯಿ ಇದ್ದ ಮಹಡಿಯ ಕೋಣೆ. ಈ ವಾಕ್ಯವನ್ನು ಎರಡು ಸಲ ಓದಿಕೋ.

ಅವರು ಮೌನ ಹುಡುಕಿಕೊಂಡು ಬಂದದ್ದಂತೆ. ಅವರ ದೇಶ ಹಾಸಿದ ಬಟ್ಟೆಯಂತೆ ಚಪ್ಪಟೆ, ಜನವೋ ಜನ, ಅದಕ್ಕೇ ಬೆಟ್ಟವಿರುವ, ಯಾರೂ ಬಾರದ ದ್ವೀಪ ಬೇಕಿತ್ತಂತೆ. ಬೆಟ್ಟ ಸಿಕ್ಕಿತು. ಮೌನವನ್ನು ಈ ಊರಿನಲ್ಲಿ ಯಾರು ಕೊಡುತ್ತಾರೆ? ಮೊದಲ ದಿನ ಬಾವಿಯ ಮೇಲಿನ ಬಂಡೆಯ ಮೇಲೆ ಒಬ್ಬರೇ ಕೂತು ಸಮುದ್ರ ನೋಡುತ್ತಿದ್ದರು. ಮೊರ್ಫೂಲಾ ಅದನ್ನು ಕಿಟಕಿಯಿಂದ ನೋಡಿ, "ಅಯ್ಯೋ, ಒಬ್ರೇ ಕೂತವ್ರೆ, ಯಾರೋ ಸತ್ತಿರಬೇಕು ಇವ್ರ ಮನೇಲಿ" ಎಂದು ಅಂಜೂರ ತೆಗೆದುಕೊಂಡು ಓಡಿದಳು. ಮರುದಿನ ಅವರು ಇನ್ನೂ ಮೇಲಿನ ಬಂಡೆಗೆ ಹೋದರು. ಅಲ್ಲಿಗೆ ಪಾದ್ರಿ ಅಂಥಿಮೋಸ್ ಹೋಗಿ, ಸತ್ತವರ ಹೆಸರು ಕೊಟ್ಟರೆ ಪ್ರಾರ್ಥನೆಯಲ್ಲಿ ಸೇರಿಸುತ್ತೇನೆ ಎಂದು ಕೇಳಿದರು. ಯಾರೂ ಸತ್ತಿಲ್ಲ, ಸುಮ್ಮನೆ ಒಬ್ಬನೇ ಇರಬೇಕೆನಿಸಿತು ಎಂದರಂತೆ. ಹಾಗಾದರೆ ಕಾಯಿಲೆಯೇ ಎಂದು ಊರು ತೀರ್ಮಾನಿಸಿ ಕಡಲೆ ಸಾರು ಕಳಿಸಿತು. ಕೊನೆಗೆ ಆ ಮನುಷ್ಯ ಬೆಳಕು ಹರಿಯುವ ಮೊದಲೇ ಎದ್ದು, ಆಡು ಮಾತ್ರ ಹೋಗುವ ಶಿಖರದ ಆಚೆಯ ದಾರಿ ಹಿಡಿಯುವುದನ್ನು ಕಲಿತರು. ಸಂಜೆ ಬಂದಾಗ ಎಷ್ಟು ಸಂತೋಷವಾಗಿರುತ್ತಿದ್ದರು ಎಂದರೆ, ಕೊಟ್ಟದ್ದನ್ನು ತಿಂದು ತಟ್ಟೆ ತಾವೇ ತೊಳೆದು, ಅದು ಎಲ್ಲಿತ್ತೋ ಅಲ್ಲಿಗೇ ಇಡುತ್ತಿದ್ದರು. ಎಲ್ಲಿ ಇಟ್ಟರೆ ಚೆನ್ನ ಎಂದು ಒಂದು ದಿನವೂ ನನಗೆ ಹೇಳಿಕೊಡಲಿಲ್ಲ.

ಹೌದು, ನಿನಗೇ ಹೇಳುತ್ತಿರುವುದು. ನೀನು ನಿವೃತ್ತನಾಗಿ ಬಂದಾಗ ಊರ ಹೆಂಗಸರೆಲ್ಲ ನನ್ನ ಪುಣ್ಯ ಎಂದರು. ನಾನೂ ಹಾಗೇ ಅಂದುಕೊಂಡೆ. ನೀನು ಬಂದವನೇ ವರಾಂಡದಲ್ಲಿ ಹಡಗಿನ ಹಿತ್ತಾಳೆ ಗಂಟೆ ನೇತುಹಾಕಿದೆ. ಕಾಫಿಗೆ ಗಂಟೆ, ಊಟಕ್ಕೆ ಗಂಟೆ, ಆಡಿನ ಹಾಲು ಕರೆಯಲು ಹೊರಟರೆ ಗಂಟೆ. ಈ ಊರಿನಲ್ಲಿ ಹಸಿವಾದಾಗ ಊಟ, ನಿದ್ದೆ ಬಂದಾಗ ರಾತ್ರಿ. ಪಾದ್ರಿಯೇ ಚರ್ಚಿಗೆ ತಡವಾಗಿ ಬರುತ್ತಾರೆ. ಆಮೇಲೆ ಅಡುಗೆಮನೆಯ ಎಲ್ಲ ಕಪಾಟಿಗೂ ಅಂಚಿನ ಪಟ್ಟಿ ಹೊಡೆದೆ, ಸಮುದ್ರ ಜೋರಾದರೆ ಪಾತ್ರೆ ಜಾರಬಾರದು ಎಂದು. ನಮ್ಮ ಮನೆ ಇರುವುದು ಬೆಟ್ಟದ ಮೇಲೆ ಇಲಿಯಾಸ್, ಅದು ಇಂದಿನವರೆಗೆ ಎಲ್ಲಿಗೂ ಹೊರಟಿಲ್ಲ. ಬಿಳಿ ಕರವಸ್ತ್ರ ಸುತ್ತಿದ ಬೆರಳನ್ನು ನನ್ನ ಒಲೆಯ ಹಿಂದೆ ಎಳೆದು ಮಸಿ ತೋರಿಸಿದ ದಿನ ನಾನು ಗಂಟೆಯನ್ನು ಕೊಂಡಿಯಿಂದ ಕಿತ್ತು ಕಣಿವೆಗೆ ಎಸೆದೆ. ಅದು ಬೀಳುವಾಗಲೂ ಹೊಡೆದುಕೊಳ್ಳುತ್ತಲೇ ಹೋಯಿತು. ಈಗ ಸಿಕ್ಕರೂ ಎಸೆಯುತ್ತೇನೆ. ನೀನು ಮುಂದಿನ ಹಡಗು ಹಿಡಿದೆ.

ನ್ಯಾಯವಾಗಿ ಒಂದು ಹೇಳಬೇಕು, ನಿನ್ನನ್ನು ಹೊಗಳಲು ಅಲ್ಲ. ಮಾರ್ಚಿನಲ್ಲಿ ಭೂಮಿ ಸ್ವಲ್ಪ ನಡುಗಿತು. ಮೊರ್ಫೂಲಾಳ ಮನೆಯಲ್ಲಿ ಮದುವೆಯ ತಟ್ಟೆಗಳೆಲ್ಲ ಪುಡಿಯಾದವು. ನಮ್ಮಲ್ಲಿ ಒಂದು ಲೋಟವೂ ಬೀಳಲಿಲ್ಲ. ಕಪಾಟಿನ ಪಟ್ಟಿ ನೋಡಿ ಅವಳು ಬಾಯಿ ಬಿಟ್ಟಳು.

ಈಗ ಹಬ್ಬದ ವಿಷಯಕ್ಕೆ ಬರುತ್ತೇನೆ. ಹೆಸರಿನ ಹಬ್ಬದ ದಿನ, ನಮಗೆ ಹೆಸರು ಕೊಟ್ಟ ಸಂತನ ದಿನ, ಆ ಹೆಸರಿನವರ ಮನೆಯ ಬಾಗಿಲು ತೆರೆದಿದ್ದರೆ ಯಾರು ಬೇಕಾದರೂ ಒಳಗೆ ಬರಬಹುದು, ಮುಚ್ಚಿದ್ದರೆ ಈ ವರ್ಷ ಆ ಮನೆಯಲ್ಲಿ ಉಪಚಾರ ಇಲ್ಲ. ನಿನಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಹಾಲೆಂಡಿನವರಿಗೆ ಹೇಳಿಕೊಡಬೇಕಾಗಿತ್ತು, ಹೇಳಲಿಲ್ಲ. ಹೋದ ವರ್ಷ ಪ್ರವಾದಿ ಇಲಿಯಾಸನ ದಿನ ನಾನು ಬಾಗಿಲು ಮುಚ್ಚಿ ಒಳಗೆ ಕೂತಿದ್ದೆ. ಈ ಸಲವೂ ಮುಚ್ಚಿಯೇ, ಬೆಳಗಿನ ಪೂಜೆಗೆ ಶಿಖರದ ಮೇಲಿನ ಚಾಪೆಲ್ಲಿಗೆ ಹತ್ತಿದೆ. ಅವರಿಗೆ ಹಿಂದಿನ ದಿನ ಕಾಲು ಉಳುಕಿತ್ತು, ಮನೆಯಲ್ಲಿ ಉಳಿದರು. ಬಿಸಿಲೇರಿದ ಮೇಲೆ ಸೆಕೆ ತಡೆಯದೆ ಬಾಗಿಲನ್ನು ಎರಡೂ ಕಡೆಗೆ ಹಾರುಹೊಡೆದು, ನಿನ್ನ ಕುರ್ಚಿಯನ್ನು ಹೊಸ್ತಿಲ ಒಳಗೆ ಗಾಳಿ ಬರುವ ಕಡೆ ಎಳೆದುಕೊಂಡು, ಉಳುಕಿದ ಕಾಲನ್ನು ಸ್ಟೂಲಿನ ಮೇಲಿಟ್ಟು ಕೂತಿದ್ದಾರೆ.

ಮುಂದಿನದು ನೀನೇ ಊಹಿಸಬಹುದು. ಇಲಿಯಾಸನ ಹಬ್ಬ, ಇಲಿಯಾಸನ ಮನೆ, ಬಾಗಿಲು ತೆರೆದಿದೆ. ನೀನು ವಾಪಸು ಬಂದೆ ಎಂದು ಊರೆಲ್ಲ ಒಳ್ಳೆಯ ಅಂಗಿ ಹಾಕಿಕೊಂಡು ಬಂದಿದೆ. ಒಳಗೆ ನೋಡಿದರೆ ನೀನಲ್ಲ. ಹಾಗೆಂದು ಹೊಸ್ತಿಲು ದಾಟಿದ ಮೇಲೆ ತಿರುಗಿ ಹೋಗುವುದು ಮನೆಗೆ ಅವಮಾನ. ಹಾಗಾಗಿ ಮುಂದೆ ಇದ್ದವನು ಧೈರ್ಯ ಮಾಡಿ ಕುರ್ಚಿಯಲ್ಲಿ ಕೂತವರಿಗೇ "ನೂರು ವರ್ಷ ಬಾಳಿ" ಎಂದು ಕೈಕೊಟ್ಟಿದ್ದಾನೆ, ಹಿಂದಿನವರೂ ಹಾಗೆಯೇ. ನಾನು ಮೇಲಿನಿಂದ ಇಳಿದು ಬರುವಾಗ ನಮ್ಮ ಅಂಗಳದ ತುಂಬ ಜನ. ಯಾರೋ ಸತ್ತರು ಎಂದು ಓಡಿದೆ. ಮೊರ್ಫೂಲಾ ನನ್ನ ಕಪಾಟಿನಿಂದ ಚೆರ್ರಿ ಪಾಕದ ಜಾಡಿ ಇಳಿಸಿ ಎಲ್ಲರಿಗೂ ಚಮಚದಲ್ಲಿ ಹಂಚುತ್ತಿದ್ದಳು.

"ನೀನು ಬರೋದು ತಡ ಆಯ್ತಲ್ಲೇ, ಬಂದವ್ರು ಬಾಯಿ ಒಣಗಿಸ್ಕೊಂಡು ಕೂತಿರ್ಲಾ? ಸಕ್ಕರೆ ಸ್ವಲ್ಪ ಮುಂದಾಗಿದೆ ಕಣೇ" ಎಂದಳು.

ನಮ್ಮ ಮುದುಕ ಬಾರ್ಬಾ ಯಾಕುಮೀಸ್‌ಗೆ ಈಗ ಕಣ್ಣು ಪೂರ್ತಿ ಮಂಜು. ಅವನು ಹಾಲೆಂಡಿನವರನ್ನು ತಬ್ಬಿಕೊಂಡು, ಬೆನ್ನು ತಟ್ಟಿ, ಭುಜ ಮುಟ್ಟಿ ನೋಡಿ, "ಉದ್ದ ಆಗಿದ್ದೀಯಲ್ಲೋ ಇಲಿಯಾಸ. ಪಿರೇಯಸ್ ನೀರು ಹಿಡಿಸಿದೆ ನಿಂಗೆ. ಹೆಂಡ್ತಿ ಬೈಗುಳ ತಪ್ಪಿದ್ರೆ ಯಾರಾದ್ರೂ ಬೆಳೀತಾರೆ ಬಿಡು" ಎನ್ನುತ್ತಿದ್ದ. ನಾನು ಪಕ್ಕದಲ್ಲೇ ನಿಂತಿದ್ದೆ.

ನಿನಗೆ ಆಶ್ಚರ್ಯವಾಗಬಹುದು, ಹಾಲೆಂಡಿನವರು ಏಕೆ ಇದನ್ನೆಲ್ಲ ಒಪ್ಪಿಕೊಂಡು ಕೂತರು ಎಂದು. ಅವರ ದೇಶದಲ್ಲಿ ಒಬ್ಬರ ಹುಟ್ಟುಹಬ್ಬವಾದರೆ ಆ ಮನೆಯಲ್ಲಿ ಇರುವ ಎಲ್ಲರಿಗೂ ಕೈಕುಲುಕಿ ಅಭಿನಂದನೆ ಹೇಳುತ್ತಾರಂತೆ. ಹೆಂಡತಿಗೆ, ಅತ್ತೆಗೆ, ಸೋಫಾದ ತುದಿಯಲ್ಲಿ ಕೂತ ನೆರೆಯವನಿಗೆ ಕೂಡ. ಆದ್ದರಿಂದ ಇಲ್ಲೂ ಯಾರದೋ ಹಬ್ಬ, ಮನೆಯಲ್ಲಿ ಇರುವ ತಪ್ಪಿಗೆ ತಮಗೂ ಪಾಲು ಬಂತು ಎಂದು ತಿಳಿದು, ಬಂದವರಿಗೆಲ್ಲ ತಾವೂ ತಿರುಗಿ ಅಭಿನಂದನೆ ಹೇಳಿದ್ದಾರೆ. ಕೊಸ್ಮಾಸನಿಗೆ ಯಾವ ಕಾರಣಕ್ಕೂ ಯಾರೂ ಅಭಿನಂದನೆ ಹೇಳಿದ್ದೇ ಇಲ್ಲ, ಅವನು ಪೂರಾ ಕಕ್ಕಾಬಿಕ್ಕಿಯಾಗಿ ಎರಡು ಗ್ಲಾಸು ರಾಕಿ ಕುಡಿದ.

ನಾನು ಆಗಲೇ ಎಲ್ಲರಿಗೂ ತಿಳಿಸಿ ಹೇಳಿ ಕಳಿಸಬಹುದಾಗಿತ್ತು. ಹೇಳಲಿಲ್ಲ. ಮನೆ ತುಂಬಿತ್ತು ಇಲಿಯಾಸ್. ಎಷ್ಟೋ ಕಾಲದ ಮೇಲೆ ನನ್ನ ಕಾಫಿ ಬಟ್ಟಲುಗಳು ಸಾಲದೆ ಹೋದವು. ನಾನು ಏಪ್ರನ್ ಬಿಗಿದು ಚೀಸು ಹೆಚ್ಚಿದೆ, ಆಲಿವ್ ತೆಗೆದೆ, ಯಾಕುಮೀಸ್ ಪಿಟೀಲು ತರಿಸಿದ.

ಆ ಗದ್ದಲದ ನಡುವೆ ಹಾಲೆಂಡಿನವರು ತಮ್ಮ ಕ್ಯಾಸೆಟ್ ಗ್ರೀಕಿನಲ್ಲಿ, ಎಲ್ಲರಿಗೂ ಕೇಳುವ ಹಾಗೆ, ಬಹಳ ಮರ್ಯಾದೆಯಿಂದ ಕೇಳಿದರು: "ಕ್ಷಮಿಸಿ. ಇಲಿಯಾಸ್ ಯಾರು?"

ಪಿಟೀಲು ನಿಂತಿತು. ಕೊಸ್ಮಾಸ್ ಚಾವಣಿ ನೋಡಿದ. ಈ ಊರು ಬಾಯಿ ಮುಚ್ಚಿದ್ದನ್ನು ನಾನು ಆವತ್ತೇ ಮೊದಲು ನೋಡಿದ್ದು. ಕೊನೆಗೆ ನಾನೇ ಹೇಳಿದೆ. "ನನ್ನ ಗಂಡ. ಈಗ ಪಿರೇಯಸ್‌ನಲ್ಲಿದ್ದಾರೆ" ಎಂದೆ. ಅವರು ಕುಂಟುತ್ತಾ ಎದ್ದು ಬಂದು, ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, "ನಿಮ್ಮ ಗಂಡನಿಗಾಗಿ ನಿಮಗೆ ಅಭಿನಂದನೆ" ಎಂದರು.

ಬೇರೇನೂ ಇಲ್ಲ. ಅವರ ದೇಶದಲ್ಲಿ ದಿನಾ ಹೇಳುವ ಮಾತು. ನಾನು ಅಡುಗೆಮನೆಗೆ ಹೋಗಿ ಕಡಲೆ ಡಬ್ಬದ ಮುಂದೆ ನಿಂತು ಅತ್ತುಬಿಟ್ಟೆ. ನೀನಿಲ್ಲದ ಮನೆ ನನಗೆ ಹೊಸದಲ್ಲ, ಜೀವಮಾನವೆಲ್ಲ ಅದರಲ್ಲೇ ಕಳೆದಿದ್ದೇನೆ. ಆದರೆ ಆಗ ನೀನು ಬರುವವನಾಗಿದ್ದೆ. ಈಗ ಹೋದವನು. ಎರಡೂ ಒಂದೇ ಎಂದುಕೊಂಡು ಎರಡು ಚಳಿಗಾಲ ತಳ್ಳಿದೆ, ಒಂದೇ ಅಲ್ಲ. ನಿನ್ನ ಮೇಲಿನ ಸಿಟ್ಟು ಇನ್ನೂ ಹಾಗೇ ಇದೆ, ಅದರ ಜೊತೆಗೇ ನಿನ್ನನ್ನು ನೆನೆದು ನನಗೆ ತುಂಬ ಬೇಸರವಾಯಿತು. ಬರೆಯಬಾರದು ಎಂದುಕೊಂಡಿದ್ದೆ, ಬರೆದಾಯಿತು.

ಊರು ಕಂಡದ್ದು ಏನು ಗೊತ್ತೆ? ಅವರು ಕೈ ಹಿಡಿದರು, ಗರುಫಲಿಯಾ ಮುಖ ಕೆಂಪಗೆ ಮಾಡಿಕೊಂಡು ಒಳಗೆ ಓಡಿದಳು. ಮೊರ್ಫೂಲಾ ಅದಕ್ಕೆ ಉಪ್ಪು ಖಾರ ಹಚ್ಚಿ ಸಂಜೆಯೊಳಗೆ ಬಂದರಿಗೆ ಇಳಿಸಿದಳು. ನಿನಗಾಗಿ ಅತ್ತದ್ದೇ ನನಗೆ ಮಿಂಡನ ಸುದ್ದಿಯಾಗಿ ಬಂತು. ನಗುವುದಾದರೆ ನಗು, ನಾನೂ ನಕ್ಕೆ, ಆದರೆ ಮರುದಿನ.

ಅದಾದ ವಾರಕ್ಕೆ ಪಾದ್ರಿ ಅಂಥಿಮೋಸ್ ಬುದ್ಧಿ ಹೇಳಲು ಬಂದರು. ಮೊದಲು ಕಾಫಿ ಕುಡಿದರು, ಆಮೇಲೆ ಇನ್ನೊಂದು ಕಾಫಿ ಕುಡಿದರು.

"ಗರುಫಲಿಯಾ, ಜನ ಮಾತಾಡ್ತಾ ಇದ್ದಾರಮ್ಮ" ಎಂದರು.

"ಜನ ಮಾತಾಡ್ದೆ ಇರೋ ದಿನ ಬಂದ್ರೆ ಹೇಳಿ ಫಾದರ್, ನಾನೇ ಗಂಟೆ ಹೊಡೀತೀನಿ" ಎಂದೆ.

"ಅವರೆಲ್ಲಿ ಈಗ?"

"ಬೆಟ್ಟದ ಕಡೆ ಹೋದ್ರು" ಎಂದೆ. ಪಾದ್ರಿಗೆ ಸುಳ್ಳು ಹೇಳುವವಳಲ್ಲ ನಾನು.

"ಇಲಿಯಾಸನಿಗೆ ಗೊತ್ತಾದ್ರೆ?"

"ಗೊತ್ತಾದ್ರೆ ಬಂದು ಕೇಳ್ಲಿ. ಅವನ ಕಾಲು ಉಳುಕಿಲ್ವಲ್ಲ."

ಪಾದ್ರಿ ಗಡ್ಡ ಸವರಿಕೊಂಡು ನನ್ನನ್ನೇ ನೋಡಿದರು. ಅವರು ನಿಧಾನದ ಮನುಷ್ಯ, ದಡ್ಡರಲ್ಲ. "ಓಹೋ" ಎಂದಷ್ಟೇ ಅಂದು, ಆಶೀರ್ವಾದ ಮಾಡಿ, ಮಿಕ್ಕ ಚೆರ್ರಿ ಪಾಕವನ್ನು ಒಂದು ಬಟ್ಟಲಿಗೆ ಹಾಕಿಸಿಕೊಂಡು ಹೋದರು.

ಇಷ್ಟೇ ನಡೆದದ್ದು. ಯಾರ ಬಾಯಿಂದಲೋ ಕೇಳಿ ನೊಂದುಕೊಳ್ಳುವುದಕ್ಕಿಂತ ನನ್ನಿಂದ ಓದಿ ಬೈದುಕೊಳ್ಳುವುದು ಮೇಲು ಎಂದು ಬರೆದೆ. ಇದು ಕರೆಯುವ ಪತ್ರ ಅಲ್ಲ ಎಂದು ಇನ್ನೊಮ್ಮೆ ಹೇಳುತ್ತೇನೆ. ಆದರೆ ಯಾರಾದರೂ ತಾವಾಗಿ ಬರುವುದಾದರೆ, ಅಡುಗೆಮನೆ ನನ್ನದು, ಅಲ್ಲಿ ಅವರು ಪ್ರಯಾಣಿಕರು. ಅಂಗಳ, ದ್ರಾಕ್ಷಿ ಚಪ್ಪರ, ಕುಸಿದ ಕಲ್ಲುಗೋಡೆ, ಆಡುಗಳು, ಎಲ್ಲಕ್ಕೂ ಅವರೇ ಯಜಮಾನರು. ಆಡುಗಳು ಈಚೆಗೆ ಯಾರ ಮಾತನ್ನೂ ಕೇಳುತ್ತಿಲ್ಲ; ಆಜ್ಞೆ ಮಾಡಿ ತೀಟೆ ತೀರಿಸಿಕೊಳ್ಳಬೇಕಾದವರಿಗೆ ಬೇಕಾದಷ್ಟು ಕೆಲಸವಿದೆ.

ಬಿಸಿಲು ಇಳಿಯಿತು, ವರಾಂಡದಲ್ಲಿ ಎರಡು ತಟ್ಟೆ ಇಡುವ ಹೊತ್ತಾಯಿತು. ಮೊರ್ಫೂಲಾ ಆಗಲೇ ಗೋಡೆಯ ಆಚೆ ಗಿಡಕ್ಕೆ ನೀರು ಹಾಕುವ ನೆಪದಲ್ಲಿ ನಿಂತಿದ್ದಾಳೆ. ಬೇರು ಕೊಳೆಯುವಷ್ಟು ನೀರು ಹಾಕುತ್ತಾಳೆ ಪಾಪ.

ಎವಾಂಥಿಯಾಳಿಗೆ ನನ್ನ ನೆನಪು ಹೇಳು. ಮಂಡಿ ನೋವಿಗೆ ಎಣ್ಣೆ ಹಚ್ಚಿಕೋ.

ಇನ್ನೂ ನಿನ್ನ ಹೆಂಡತಿಯಾಗಿಯೇ ಇರುವ,
ಗರುಫಲಿಯಾ

ತಾ.ಕ.: ಎವಾಂಥಿಯಾ ನನಗೆ ಬರೆದಿದ್ದಾಳೆ, ನಿನಗೆ ಹೇಳಬೇಡ ಎಂದಿದ್ದಾಳೆ. ಸುದ್ದಿ ಮುಟ್ಟಿದ ದಿನದಿಂದ ನೀನು ಸರಿಯಾಗಿ ಉಂಡಿಲ್ಲವಂತೆ, ಕ್ಷೌರ ಮಾಡಿಸಿಕೊಂಡು ಶನಿವಾರದ ಹಡಗು ಎಷ್ಟು ಹೊತ್ತಿಗೆ ಎಂದು ಬಂದರಿನಲ್ಲಿ ವಿಚಾರಿಸಿ ಬಂದೆಯಂತೆ. ಹಾಗಿದ್ದರೆ ಇದೂ ತಿಳಿದಿರಲಿ. ಹಾಲೆಂಡಿನವರು ಕಾಲು ಸರಿಯಾದ ಕೂಡಲೇ ಹೊರಟುಹೋದರು, ಹಬ್ಬ ಕಳೆದು ನಾಲ್ಕನೆಯ ಬೆಳಿಗ್ಗೆ, ಶಿಖರ ದಾಟಿ ಆಚೆ ದಡದ ಹಡಗಿಗೆ. ಹೋಗುವುದನ್ನು ಯಾರೂ ನೋಡಲಿಲ್ಲ, ನಾನೂ ಯಾರಿಗೂ ಹೇಳಲಿಲ್ಲ. ಅಂದಿನಿಂದ ಮೊರ್ಫೂಲಾಳಿಗೆ ಕಾಣುವ ಹಾಗೆ ದಿನಾ ಹಗ್ಗದ ಮೇಲೆ ಒಣಗಿಸುತ್ತಿರುವ ಗಂಡಸಿನ ಅಂಗಿ ನಿನ್ನದೇ. ನೀನು ಕೊನೆಯ ಯಾನದಲ್ಲಿ ಕೊಂಡು ಒಮ್ಮೆಯೂ ಹಾಕದೆ ಪೆಟ್ಟಿಗೆಯಲ್ಲಿಟ್ಟ ನೀಲಿ ಚೌಕುಳಿಯದು. ತೊಳೆದು ತೊಳೆದು ಮೊಣಕೈಯ ಹತ್ತಿರ ನೂಲು ಬಿಡುತ್ತಿದೆ. ಶನಿವಾರ ಬಾ. ಹಿಂದಿನ ದಾರಿಯಿಂದ ಬರಬೇಡ, ಕೊಸ್ಮಾಸನ ಅಂಗಡಿಯ ಮುಂದಿನಿಂದಲೇ ಬಾ, ಎಲ್ಲರೂ ನೋಡಲಿ.